ಕೊಂಬಿನ ತಾಯಿಗೆ ಮೂರು ಬೇಸಿಗೆ ಕಾದೆ

"ಅದು ಜಿಂಕೆ ಮರಿ ಮಾರಾಯ, ಸುಮ್ನೆ ಚಿಂಕಾರ ಅನ್ಬೇಡ." ಚಿಂಕಾರ ಅಂದರೆ ಜಿಂಕೆಯಲ್ಲ, ಕೃಷ್ಣಮೃಗದ ಬಳಗದ ಸಣ್ಣ ಹುಲ್ಲೆ. ನಾನು ತೆಗೆದ ಅದರ ಹಳೇ ಫೋಟೋ ನೋಡಿ ಹೀಗೆ ನಕ್ಕವರು ಒಬ್ಬಿಬ್ಬರಲ್ಲ. ಬಿಸಿಲ ಝಳಕ್ಕೆ ಎಲ್ಲ ಕಲಸಿಹೋಗಿ, ಕಂದು ಬೆನ್ನೊಂದು ಓಡುತ್ತಿದ್ದುದು ಮಾತ್ರ ಕಾಣುತ್ತಿತ್ತು. ನಗದೇ ಏನು ಮಾಡಿಯಾರು!

ವಾದ ಮುಗಿಸಲು ನನಗೆ ಕೊಂಬಿರುವ ಹೆಣ್ಣು ಬೇಕಿತ್ತು. ಚುಕ್ಕೆ ಜಿಂಕೆ, ಕಡವೆ ಹೆಣ್ಣುಗಳಿಗೆ ಕೊಂಬಿಲ್ಲ. ಕೃಷ್ಣಮೃಗ, ಕೊಂಡುಕುರಿ ಹೆಣ್ಣಿಗೂ ಇಲ್ಲ. ಚಿಂಕಾರದ ಹೆಣ್ಣಿಗೆ ಮಾತ್ರ ಪೆನ್ಸಿಲ್‌ನಂಥ ಎರಡು ಸಣ್ಣ ಕೊಂಬು. ಪಶುವೈದ್ಯ ಗೆಳೆಯನೊಬ್ಬ, "ಚುಕ್ಕೆ ಜಿಂಕೆಗೆ ಪಿತ್ತಕೋಶ ಇಲ್ಲ, ಚಿಂಕಾರಕ್ಕಿದೆ" ಅಂದ. ಅದನ್ನು ಯಾವ ಲೆನ್ಸಲ್ಲಿ ತೆಗೆಯೋದು?

ಹೋಗಿದ್ದು ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಗೆ, 2016ರಲ್ಲಿ ಚಿಂಕಾರ ವನ್ಯಜೀವಿಧಾಮವಾದ ಕುರುಚಲು ಕಾಡು. ಧಾಮದ ಅಂಚಿನ ಹೊಲವೊಂದರಲ್ಲಿ, ರೈತರನ್ನು ಕೇಳಿಯೇ ಕೂತೆ. ಮೊದಲ ಬೇಸಿಗೆ ನನ್ನ ನಾಗರಹೊಳೆ ಬುದ್ಧಿಯಿಂದಲೇ ಕೆಟ್ಟಿತು. ಅಲ್ಲಿ ನೀರ ಪಕ್ಕ ಕಾದರೆ ಜಿಂಕೆ ಹಿಂಡು ಬಂದೇ ಬರುತ್ತದೆ. ಇಲ್ಲೂ ಹೊಂಡ ಕಾದೆ, 11 ದಿನ. ನವಿಲು ಬಂತು, ನರಿ ಬಂತು, ಎಮ್ಮೆಗಳೂ ಬಂದವು. ಕುರಿ ಕಾಯುವ ಅಜ್ಜ ನಕ್ಕರು: "ಅದು ನೀರಿಗೆ ಬರೂದಿಲ್ರಿ ಸರ, ಎಲಿ ಮ್ಯಾಲಿನ ಇಬ್ಬನಿ ಸಾಕ ಅದಕ್ಕ."

ಎರಡನೇ ಬೇಸಿಗೆ 6,500 ಕೊಟ್ಟು ಹಸಿರು ಟೆಂಟ್ ತಂದೆ. ಟೆಂಟ್ ಗಾಳಿಗೆ ಪಟಪಟ ಅಂದಿದ್ದೇ ತಡ, ಪ್ರಾಣಿ ಮೂಗಲ್ಲಿ ಛಿಕ್ ಎಂದು ಸೀನಿ ಮಾಯ. (ಚುಕ್ಕೆ ಜಿಂಕೆ ಬೆದರಿದರೆ ಗಟ್ಟಿಯಾಗಿ ಕೂಗುತ್ತದೆ, ಹೀಗೆ ಸೀನುವುದಿಲ್ಲ.) ಲೆನ್ಸ್ ಬಾಡಿಗೆಯೂ ಸೇರಿ 40 ಸಾವಿರದ ಹತ್ತಿರ ಹೋಗಿರಬೇಕು. ಮನೆಯಲ್ಲಿ ಹೇಳಿದ್ದು 15.

ಮೂರನೇ ಸಲ ನೀರು ಬಿಟ್ಟು ಹಿಕ್ಕೆ ಹುಡುಕಿದೆ. ಚಿಂಕಾರ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಒಣಗಿದ ರಾಶಿಯ ಮೇಲೆ ಮಿರುಗುವ ಹೊಸ ಹಿಕ್ಕೆ ಕಂಡರೆ ಗೆದ್ದಂತೆ. ಟೆಂಟ್ ಬದಲು ಅಜ್ಜನ ಹಳೇ ಕಂಬಳಿ, 400 ರೂಪಾಯಿ. ಕುರಿವಾಸನೆ ತಡೆಯದೆ ಒಮ್ಮೆ ಒಗೆದೂ ನೋಡಿದೆ. ಎರಡು ದಿನ ಒಂದೂ ಹತ್ತಿರ ಬರಲಿಲ್ಲ. ತೆಪ್ಪಗೆ ಅಜ್ಜನ ಹತ್ತಿರ ಇನ್ನೊಂದು ಕಂಬಳಿ ತಗೊಂಡೆ. ಯಾವ ದಿಬ್ಬ, ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳಬೇಡಿ.

ಏಪ್ರಿಲ್‌ನ ಒಂದು ಬೆಳಗ್ಗೆ, 40 ಅಡಿ ದೂರದಲ್ಲಿ ಬಂದು ನಿಂತಳು. ಕಣ್ಣಿನಿಂದ ಮೂಗಿನವರೆಗೆ ಕಪ್ಪು ಗೆರೆ, ಪಕ್ಕದಲ್ಲೇ ಬಿಳಿ ಗೆರೆ. ಕಿವಿಗಿಂತ ಗಿಡ್ಡ ಕೊಂಬು, ಬಲಗಡೆಯದರ ತುದಿ ಮುಕ್ಕಾಗಿತ್ತು. ಕಪ್ಪು ಬಾಲ ಸುಮ್ಮನಿರಲೇ ಇಲ್ಲ. ಪೊದೆಯಿಂದ ಮರಿ ಎದ್ದು ಬಂದು ಮೊಲೆಗೆ ಬಾಯಿ ಹಾಕಿತು. ಒಂಬತ್ತು ಫೋಟೋ, ಆರು ಚೊಕ್ಕ.

ಮರುವರ್ಷವೂ ಅವಳು ಸಿಕ್ಕಳು, ಅದೇ ಮುಕ್ಕಾದ ಕೊಂಬು. ಜಿಂಕೆಯ ಕವಲುಕೊಂಬಾಗಿದ್ದರೆ ಅಷ್ಟೊತ್ತಿಗೆ ಉದುರಿ ಹೊಸದು ಬಂದಿರುತ್ತಿತ್ತು ಅಲ್ವಾ?

ಅಂದು ನಕ್ಕಿದ್ದ ಗೆಳೆಯ ಈಗ ಕಂಬಳಿ ಕೇಳುತ್ತಿದ್ದಾನೆ. ಚೆನ್ನಾಗಿ ಒಗೆದು ಕೊಡ್ತೀನಿ ಅಂದಿದ್ದೇನೆ.