ಆಟೋಮ್ಯಾಟಿಕ್ ಗಾಡಿಗೆ ಗೇರ್‌ಬಾಕ್ಸ್ ಕೂಲರ್: ಯಾವ್ದು ತಗೋಬೇಕು, ಹೆಂಗೆ ಕೂರಿಸ್ಬೇಕು

ಹೋದ ವರ್ಷ ಮಂಗಳೂರಿಂದ ವಾಪಸ್ ಬರ್ತಾ ಶಿರಾಡಿ ಘಾಟಲ್ಲಿ ಲೋಡ್ ಲಾರಿ ಸಾಲಿನ ಹಿಂದೆ ಸಿಕ್ಕಾಕ್ಕೊಂಡ್ವಿ, ಗಾಡೀಲಿ ಏಳು ಜನ, ಮೇಲೆ ಕ್ಯಾರಿಯರ್ ತುಂಬ ಲಗೇಜು, ಎಸಿ ಫುಲ್ಲು, ಸ್ಪೀಡ್ ಹತ್ತೋ ಹದಿನೈದೋ ಅಷ್ಟೇ. ನಮ್ದು ಆರು ಗೇರಿನ ಡೀಸೆಲ್ ಆಟೋಮ್ಯಾಟಿಕ್. ಎಂಜಿನ್ ಟೆಂಪರೇಚರ್ ಮುಳ್ಳು ನಡುಮಧ್ಯೆ ಕೂತಿದ್ದು ಅಲ್ಲಾಡ್ಲೇ ಇಲ್ಲ, ಆದ್ರೆ ಒಬಿಡಿ ರೀಡರಲ್ಲಿ (ಗಾಡಿಯ ಕಂಪ್ಯೂಟರಿಂದ ಮಾಹಿತಿ ಓದೋ ಸಣ್ಣ ಸಾಧನ) ಗೇರ್‌ಬಾಕ್ಸ್ ಆಯಿಲ್ 121 ಡಿಗ್ರಿ ತೋರಿಸ್ತಿತ್ತು. ರೀಡರ್ ಹಾಕಿರ್ಲಿಲ್ಲ ಅಂದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ, ಯಾಕಂದ್ರೆ ಡ್ಯಾಶ್‌ಬೋರ್ಡಲ್ಲಿ ಅದಕ್ಕೆ ಮೀಟರೇ ಇಲ್ಲ.

ಹಿಂಗ್ಯಾಕೆ ಆಗತ್ತೆ ಅಂದ್ರೆ, ಎಂಜಿನ್ ಶಕ್ತೀನ ಗೇರ್‌ಬಾಕ್ಸಿಗೆ ದಾಟಿಸೋ ಟಾರ್ಕ್ ಕನ್ವರ್ಟರ್ ಒಳಗೆ ಎದುರುಬದುರು ಎರಡು ಫ್ಯಾನ್ ಥರ ಇರತ್ತೆ, ಎಂಜಿನ್ ಕಡೆಯದು ಆಯಿಲ್‌ನ ಕಡೆಯತ್ತೆ, ಆ ಆಯಿಲ್ ರಭಸಕ್ಕೆ ಗೇರ್‌ಬಾಕ್ಸ್ ಕಡೆಯದು ತಿರುಗತ್ತೆ. ಎರಡರ ಸ್ಪೀಡಿಗೂ ವ್ಯತ್ಯಾಸ ಇದ್ದಾಗ ವ್ಯರ್ಥವಾಗೋ ಶಕ್ತಿ ಬಿಸಿಯಾಗಿ ಆಯಿಲಿಗೇ ಸೇರತ್ತೆ. ಹೈವೇಲಿ 80-90ರಲ್ಲಿ ಹೋಗೋವಾಗ ಒಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ಕಚ್ಚಿಕೊಂಡಿರತ್ತೆ, ಜಾರೋದೇ ಇಲ್ಲ, ಅದಕ್ಕೇ ಬಿಸಿನೂ ಕಮ್ಮಿ. ಘಾಟಲ್ಲಿ ನಿಧಾನ ಹತ್ತೋವಾಗ ಲಾಕ್‌ಅಪ್ ಆಗಲ್ಲ, ಭಾರ ಜಾಸ್ತಿ, ಮುಂದಿಂದ ಗಾಳೀನೂ ಬರಲ್ಲ, ಮೂರೂ ಒಟ್ಟಿಗೆ ಸೇರ್ಕೊಳತ್ತೆ. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರ, ಆ ಏರು ಪೂರ್ತಿ ಆಯಿಲ್ ಬೇಯ್ತಾನೇ ಇರತ್ತೆ.

ಆಯಿಲಿಗೆ 80ರಿಂದ 95 ಡಿಗ್ರಿ ಒಳ್ಳೇದು. ಅಲ್ಲಿಂದ ಮೇಲೆ ಪ್ರತಿ 11 ಡಿಗ್ರಿಗೆ ಆಯಿಲ್ ಆಯಸ್ಸು ಅರ್ಧ ಆಗತ್ತೆ ಅಂತ ಗೇರ್‌ಬಾಕ್ಸ್ ಕೆಲಸದವರು ಹೇಳೋ ಅಂದಾಜು ಲೆಕ್ಕ. 115 ದಾಟಿದ್ರೆ ಆಯಿಲ್ ಸುಟ್ಟು ಒಳಗೆ ವಾರ್ನಿಶ್ ಥರ ಅಂಟಕ್ಕೆ ಶುರು, 125-130ರಲ್ಲಿ ರಬ್ಬರ್ ಸೀಲುಗಳು ಗಟ್ಟಿಯಾಗ್ತವೆ, 145ರ ಹತ್ರ ಹೋದ್ರೆ ಕ್ಲಚ್ ಪ್ಲೇಟೇ ಜಾರತ್ತೆ. ಈ ಆಯಿಲನ್ನ ಗಾಳೀಲಿ ತಣ್ಣಗೆ ಮಾಡಕ್ಕೆ ಗಾಡಿ ಮುಂದೆ ಕೂರಿಸೋ ಸಣ್ಣ ರೇಡಿಯೇಟರ್ ಥರದ್ದೇ ಗೇರ್‌ಬಾಕ್ಸ್ ಕೂಲರ್.

ಮೊದಲು ಯಾರಿಗೆ ಬೇಡ ಅಂತ ಹೇಳ್ಬಿಡ್ತೀನಿ. ಎಎಮ್‌ಟಿ ಗಾಡಿ ಅಂದ್ರೆ ಮ್ಯಾನ್ಯುವಲ್ ಗೇರ್‌ಬಾಕ್ಸಿಗೇ ಕ್ಲಚ್ ಒತ್ತೋ ಮೋಟಾರ್ ಕೂರಿಸಿರೋದು, ಅದರಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ, ಕೂಲರ್‌ಗೆ ಕೆಲಸಾನೇ ಇಲ್ಲ. ಡ್ರೈ ಕ್ಲಚ್ ಡಿಸಿಟಿನೂ (ಎರಡು ಕ್ಲಚ್ ಇರೋ ಆಟೋಮ್ಯಾಟಿಕ್) ಅಷ್ಟೇ, ಅಲ್ಲಿ ಬಿಸಿಯಾಗೋದು ಆಯಿಲಲ್ಲಿ ಇಲ್ದಿರೋ ಒಣ ಕ್ಲಚ್ಚು. ಸಿವಿಟಿ (ಗೇರುಗಳ ಬದಲು ಬೆಲ್ಟ್ ಇರೋ ಆಟೋಮ್ಯಾಟಿಕ್) ಇದ್ರೆ ನೀವೇ ಕೈ ಹಾಕ್ಬೇಡಿ, ಆ ಗಾಡಿಯ ಕಂಪನಿ ಕೂಲರ್ ಕಿಟ್ ಕೊಟ್ಟಿದ್ರೆ ಮಾತ್ರ ಹಾಕ್ಸಿ. ನಾನಿಲ್ಲಿ ಬರೀತಿರೋದು ಟಾರ್ಕ್ ಕನ್ವರ್ಟರ್ ಗಾಡಿಗಳ ಬಗ್ಗೆ ಮಾತ್ರ. ಅದರಲ್ಲೂ ಬಂಪರ್ ಜಾಲರಿ ಒಳಗೆ ಟಾರ್ಚ್ ಬಿಟ್ಟು ನೋಡಿ, ಎಷ್ಟೋ ಎಸ್‌ಯುವಿಗಳಲ್ಲಿ ಕಂಪನಿಯವರೇ ಸಣ್ಣ ಕೂಲರ್ ಕೊಟ್ಟಿರ್ತಾರೆ. ವಾರಂಟಿ ಇರೋ ಗಾಡಿ ಆದ್ರೆ ಆಯಿಲ್ ಹೋಗಿಬರೋ ಲೈನ್ ಕಟ್ ಮಾಡೋ ಮುಂಚೆ ಸರ್ವಿಸ್ ಸೆಂಟರಿಂದ ಬರವಣಿಗೆಲಿ ಉತ್ತರ ತಗೊಳ್ಳಿ.

ಆಮೇಲೆ ಅಳತೆ. ದಯವಿಟ್ಟು ಅಳೀದೆ ದುಡ್ಡು ಖರ್ಚು ಮಾಡ್ಬೇಡಿ. ಇಎಲ್‌ಎಮ್ 327 ಅಂತ ಸಣ್ಣ ಬ್ಲೂಟೂತ್ ಅಡಾಪ್ಟರ್ ಸಿಗತ್ತೆ, ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿ ಫೋನಲ್ಲಿ ಟಾರ್ಕ್ ಪ್ರೊ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕ್ಕೊಂಡ್ರೆ ಆಯ್ತು, ಆದ್ರೆ ಗೇರ್‌ಬಾಕ್ಸ್ ಟೆಂಪರೇಚರ್ ತಾನಾಗೇ ಬರಲ್ಲ, ಒಂದೊಂದು ಕಂಪನಿದು ಒಂದೊಂದು ಕೋಡ್ ಇರತ್ತೆ, ನಿಮ್ಮ ಮಾಡೆಲ್ ಕೋಡ್ ಹುಡುಕಿ ಆ್ಯಪಿಗೆ ಸೇರಿಸ್ಬೇಕು. ಕೋಡ್ ಸಿಗ್ಲಿಲ್ವಾ, ಗೇರ್‌ಬಾಕ್ಸ್ ಕೆಳಗಿನ ಪ್ಯಾನ್‌ಗೆ ಕರೀ ಇನ್ಸುಲೇಶನ್ ಟೇಪ್ ಒಂದು ತುಂಡು ಅಂಟಿಸಿ, ಘಾಟ್ ಹತ್ತಿದ ತಕ್ಷಣ ಇನ್‌ಫ್ರಾರೆಡ್ ಗನ್ ಆ ಟೇಪಿಗೆ ಹಿಡೀರಿ. ಹೊಳೆಯೋ ಲೋಹಕ್ಕೆ ನೇರ ಹಿಡಿದ್ರೆ ರೀಡಿಂಗ್ ಕಮ್ಮಿ ತೋರಿಸಿ ಮೋಸ ಮಾಡತ್ತೆ. ನೀವು ಮಾಮೂಲಿ ಹೋಗೋ ಘಾಟಲ್ಲಿ ಮಾಮೂಲಿ ಲೋಡಲ್ಲಿ 100 ದಾಟ್ತಿಲ್ಲ ಅಂದ್ರೆ ಕೂಲರ್ ದುಡ್ಡಲ್ಲಿ ಆಯಿಲ್ ಚೇಂಜ್ ಮಾಡ್ಸಿ ನೆಮ್ಮದಿಯಾಗಿರಿ. 110ರ ಆಸುಪಾಸಿಗೆ ಪದೇ ಪದೇ ಹೋಗ್ತಿದ್ರೆ ಮುಂದೆ ಓದಿ.

ಕೂಲರಲ್ಲಿ ಮೂರು ಥರ. ಟ್ಯೂಬ್ ಅಂಡ್ ಫಿನ್ ಅಂದ್ರೆ ಹಾವಿನ ಥರ ಬಳುಕಿರೋ ಒಂದು ಪೈಪು, ಅದಕ್ಕೆ ರೆಕ್ಕೆ. ಅಗ್ಗ, ಆದ್ರೆ ಅಷ್ಟೇ ಜಾಗದಲ್ಲಿ ಮಿಕ್ಕೆರಡಕ್ಕಿಂತ ಕಮ್ಮಿ ತಂಪು ಮಾಡತ್ತೆ. ಪ್ಲೇಟ್ ಅಂಡ್ ಫಿನ್ ಅದಕ್ಕಿಂತ ವಾಸಿ. ಸ್ಟ್ಯಾಕ್ಡ್ ಪ್ಲೇಟಲ್ಲಿ ಚಪ್ಪಟೆ ಪ್ಲೇಟುಗಳು ಒಂದರ ಮೇಲೊಂದು ಜೋಡಿಸಿರ್ತವೆ, ಆಯಿಲ್ ಎಲ್ಲಾ ಪ್ಲೇಟಲ್ಲೂ ಒಟ್ಟಿಗೆ ಹರಿಯತ್ತೆ, ಅದಕ್ಕೆ ಪ್ರೆಶರ್ ಜಾಸ್ತಿ ಬೀಳಲ್ಲ. ನನ್ನ ಕೇಳಿದ್ರೆ ಕಣ್ಣುಮುಚ್ಚಿ ಸ್ಟ್ಯಾಕ್ಡ್ ಪ್ಲೇಟ್ ತಗೊಳ್ಳಿ. ಹೇಡನ್, ಡೆರೇಲ್, ಟ್ರೂ-ಕೂಲ್ ಇವೆಲ್ಲ ಇದೇ ಕೆಲಸಕ್ಕೆ ಹೆಸರಾದ ಬ್ರ್ಯಾಂಡುಗಳು. ಸೈಜು ನಿಮ್ಮ ಕಂಡೆನ್ಸರ್ (ರೇಡಿಯೇಟರ್ ಮುಂದೆ ಅದೇ ಥರ ಕಾಣೋ ಎಸಿ ಭಾಗ) ಮುಂದೆ ಎಷ್ಟು ಜಾಗ ಇದೆ ಅನ್ನೋದರ ಮೇಲೆ, ರಟ್ಟು ಕತ್ತರಿಸಿ ಇಟ್ಟು ನೋಡಿ ಆಮೇಲೆ ಆರ್ಡರ್ ಮಾಡಿ.

ಒಂದು ಮಾತು ಕೈ ಮುಗಿದು ಹೇಳ್ತೀನಿ, ಗುಜರಿಯಿಂದ ಹಳೇ ಕೂಲರ್ ತರ್ಬೇಡಿ. ಶಿವಾಜಿನಗರದಲ್ಲಿ ಚೌಕಾಸಿ ಮಾಡಿದ್ರೆ ಕಮ್ಮಿಗೆ ಸಿಗಬಹುದು, ಆದ್ರೆ ಆ ಕೂಲರ್ ಬಂದಿರೋ ಗಾಡಿಯ ಗೇರ್‌ಬಾಕ್ಸ್ ಹೋಗಿದ್ರೆ ಅದರ ಕ್ಲಚ್ ಪುಡಿ, ಲೋಹದ ಚೂರು ಎಲ್ಲಾ ಕೂಲರ್ ಒಳಗೇ ಇರತ್ತೆ, ಎಷ್ಟು ತೊಳೆದ್ರೂ ಪೂರ್ತಿ ಹೋಗಲ್ಲ, ಸೀದಾ ನಿಮ್ಮ ವಾಲ್ವ್ ಬಾಡಿಗೆ, ಅಂದ್ರೆ ಆಯಿಲ್ ಹರಿಸಿ ಗೇರ್ ಬದಲಾಯಿಸೋ ಭಾಗಕ್ಕೆ ಬರತ್ತೆ.

ಲೈನಲ್ಲಿ ಎಲ್ಲಿ ಸೇರಿಸ್ಬೇಕು? ಸಾಮಾನ್ಯವಾಗಿ ಬಿಸಿ ಆಯಿಲ್ ಗೇರ್‌ಬಾಕ್ಸಿಂದ ರೇಡಿಯೇಟರ್ ಒಳಗಿನ ಸಣ್ಣ ಕೂಲರ್‌ಗೆ ಹೋಗಿ ವಾಪಸ್ ಬರತ್ತೆ. ನಮ್ಮ ಹೊಸ ಕೂಲರ್ ಆ ವಾಪಸ್ ಬರೋ ಲೈನಲ್ಲಿ, ಅಂದ್ರೆ ರೇಡಿಯೇಟರ್ ಆದ್ಮೇಲೆ ಇರ್ಬೇಕು. ರೇಡಿಯೇಟರನ್ನ ಪೂರ್ತಿ ಬಿಟ್ಟುಬಿಡಿ ಅಂತ ಕೆಲವರು ಸಲಹೆ ಕೊಡ್ತಾರೆ, ನಂಗೆ ಒಪ್ಪಿಗೆ ಇಲ್ಲ. 120ರ ಆಯಿಲ್ 90 ಡಿಗ್ರಿ ಕೂಲೆಂಟ್ ಪಕ್ಕ ಹಾದು ಹೋದ್ರೆ ಬೇಗ ಇಳಿಯತ್ತೆ, ಗಾಳಿಗಿಂತ ನೀರು ಬಿಸಿ ಎಳ್ಕೊಳ್ಳೋದ್ರಲ್ಲಿ ಎಷ್ಟೋ ಮೇಲು. ಮಡಿಕೇರಿ ಡಿಸೆಂಬರ್ ಬೆಳಿಗ್ಗೇಲಿ ಅದೇ ಕೂಲೆಂಟ್ ತಣ್ಣಗಿರೋ ಆಯಿಲನ್ನ ಬೇಗ ಬಿಸಿ ಮಾಡಿಕೊಡತ್ತೆ, ತೀರಾ ತಣ್ಣಗಿದ್ರೂ ಆಯಿಲ್ ದಪ್ಪ ಆಗಿ ಗೇರ್ ಸರಿಯಾಗಿ ಬೀಳಲ್ಲ. ಅಮೆರಿಕ, ಕೆನಡಾದ ಚಳೀಲಿ ಓಡ್ಸೋರು ಸುಮಾರು 80 ಡಿಗ್ರಿಗೆ ತೆರ್ಕೊಳ್ಳೋ ಬೈಪಾಸ್ ಥರ್ಮೋಸ್ಟಾಟನ್ನೂ (ಆಯಿಲ್ ಬಿಸಿಯಾಗೋವರೆಗೂ ಕೂಲರ್‌ಗೆ ಬಿಡದ ವಾಲ್ವ್) ಹಾಕ್ಕೊಳ್ಳಿ, ನಮ್ಮೂರಿಗೆ ಅದು ಬೇಕೇಬೇಕು ಅಂತಿಲ್ಲ.

ಆದ್ರೆ ಒಂದು ಎಚ್ಚರಿಕೆ. ರೇಡಿಯೇಟರ್ ಒಳಗಿನ ಕೂಲರ್ ತೂತಾದ್ರೆ ಕೂಲೆಂಟ್ ಆಯಿಲಿಗೆ ಸೇರಿ ಗೇರ್‌ಬಾಕ್ಸೇ ಹೋಗತ್ತೆ. ಅಮೆರಿಕದಲ್ಲಿ 2005ರಿಂದ 2010ರ ನಿಸಾನ್ ಪಾತ್‌ಫೈಂಡರ್, ಫ್ರಾಂಟಿಯರ್, ಎಕ್ಸ್‌ಟೆರಾ ಗಾಡಿಗಳಲ್ಲಿ ಇದು ದೊಡ್ಡ ಗಲಾಟೆನೇ ಆಗಿತ್ತು, ಆಯಿಲ್ ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣಕ್ಕೆ ತಿರುಗ್ತಿತ್ತು, ತುಂಬ ಜನ ರೇಡಿಯೇಟರ್ ಬಿಟ್ಟು ಹೊರಗಿನ ಕೂಲರ್ ಮಾತ್ರ ಹಾಕ್ಕೊಂಡ್ರು. ನಿಮ್ಮ ರೇಡಿಯೇಟರ್ ಹಳೇದಾಗಿದ್ರೆ ಕೂಲರ್ ಜೊತೆ ಅದನ್ನೂ ಹೊಸದು ಹಾಕ್ಸಿ.

ಈಗ ಹೋಸು. ಜನ ಎಲ್ಲಕ್ಕಿಂತ ಜಾಸ್ತಿ ತಪ್ಪು ಮಾಡೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ನಂದು ಮೊದಲ ಸಲ ಒಂದು ಗ್ಯಾರೇಜಲ್ಲಿ ಮಾಡ್ಸಿದ್ದು, ಅವ್ರು ಕೈಗೆ ಸಿಕ್ಕಿದ ಡೀಸೆಲ್ ಹೋಸ್ ಹಾಕಿ ಕೊಟ್ರು, ಆರು ತಿಂಗಳಲ್ಲಿ ಹೋಸ್ ಉಬ್ಬಿ ಮೆತ್ತಗಾಗಿ ಬೆವರಕ್ಕೆ ಶುರುವಾಯ್ತು, ಪಾರ್ಕಿಂಗಲ್ಲಿ ಕೆಂಪು ಹನಿ ನೋಡಿ ಎದೆ ಧಸಕ್ ಅಂತು. ಆ ಹೋಸ್ ಘಾಟಲ್ಲಿ ಕಿತ್ಕೊಂಡಿದ್ರೆ ಒಂದೆರಡು ನಿಮಿಷದಲ್ಲಿ ಆಯಿಲ್ ಪೂರ್ತಿ ರೋಡಿಗೆ, ಬಿಸಿ ಎಕ್ಸಾಸ್ಟ್ ಮೇಲೆ ಬಿದ್ರೆ ಬೆಂಕಿನೇ. ಹೋಸ್ ಮೇಲೆ ಎಸ್‌ಎಇ ಜೆ1532 ಅಂತ ಪ್ರಿಂಟ್ ಇರ್ಬೇಕು, ಅದು ಗೇರ್‌ಬಾಕ್ಸ್ ಆಯಿಲ್ ಕೂಲರ್‌ಗೆ ಅಂತಲೇ ಇರೋ ಸ್ಟ್ಯಾಂಡರ್ಡು. ಒಳ ಅಳತೆ ನಿಮ್ಮ ಲೈನಿಗೆ ಸರಿ ಹೊಂದ್ಬೇಕು, ಸಾಮಾನ್ಯವಾಗಿ 8 ಅಥವಾ 10 ಮಿಲಿಮೀಟರ್. ಲೋಹದ ಪೈಪ್ ಕಟ್ ಮಾಡಿದ್ರೆ ತುದೀಲಿ ಫ್ಲೇರಿಂಗ್ ಟೂಲಿಂದ ಉಬ್ಬು ಮಾಡಿಸ್ಲೇಬೇಕು, ಬರೀ ನುಣುಪು ಪೈಪಿಗೆ ಹೋಸ್ ಸಿಕ್ಕಿಸಿದ್ರೆ ಯಾವತ್ತೋ ಒಂದಿನ ಜಾರಿ ಬರತ್ತೆ. ಕ್ಲಾಂಪು ಫ್ಯುಯೆಲ್ ಇಂಜೆಕ್ಷನ್ ಥರದ್ದು ತಗೊಳ್ಳಿ, ಪಟ್ಟೀಲಿ ತೂತಿರೋ ಮಾಮೂಲಿ ಕ್ಲಾಂಪ್ ರಬ್ಬರನ್ನ ಕುಯ್ದುಹಾಕತ್ತೆ.

ಕೂರಿಸೋ ಕೆಲಸ ಗಾಡಿ ತಣ್ಣಗಿದ್ದಾಗ ಮಾಡಿ. ಬಂಪರ್ ಬಿಚ್ಚೋ ಮುಂಚೆ ಒಂದು ಕೆಲಸ ಇದೆ, ವಾಪಸ್ ಲೈನ್ ಯಾವ್ದು ಅಂತ ಕಂಡುಹಿಡಿಯೋದು. ರಾತ್ರಿ ಪೂರ್ತಿ ನಿಂತ ಗಾಡಿ ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಆದ್ಮೇಲೆ ರೇಡಿಯೇಟರ್‌ಗೆ ಬರೋ ಎರಡು ಪೈಪಿಗೂ ಇನ್‌ಫ್ರಾರೆಡ್ ಗನ್ ಹಿಡೀರಿ, ಮೊದಲು ಬಿಸಿಯಾಗೋದು ಗೇರ್‌ಬಾಕ್ಸಿಂದ ಹೊರಗೆ ಬರೋದು, ಇನ್ನೊಂದು ವಾಪಸ್ ಲೈನು. ಗುರುತು ಹಾಕ್ಕೊಂಡು ಎಂಜಿನ್ ಆಫ್ ಮಾಡಿ.

ಕೂಲರನ್ನ ಎಸಿ ಕಂಡೆನ್ಸರ್ ಮುಂದೆ ಕೂರಿಸ್ಬೇಕು, ಮಧ್ಯೆ ಬೆರಳು ತೂರೋ ಅಷ್ಟು ಸಂದಿ ಬಿಡಿ. ಕೆಲವು ಕಿಟ್ಟಲ್ಲಿ ಕಂಡೆನ್ಸರ್ ರೆಕ್ಕೆಗಳ ಮಧ್ಯೆ ತೂರಿಸೋ ಪ್ಲಾಸ್ಟಿಕ್ ಕಡ್ಡಿ ಕೊಟ್ಟಿರ್ತಾರೆ, ಅದನ್ನ ಪಕ್ಕಕ್ಕಿಡಿ, ನಮ್ಮ ರೋಡಿನ ಕುಲುಕಾಟಕ್ಕೆ ಅದು ಉಜ್ಜಿ ಉಜ್ಜಿ ಕಂಡೆನ್ಸರೇ ತೂತಾಗತ್ತೆ. ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ, ರೇಡಿಯೇಟರ್ ಸಪೋರ್ಟಿನ ಬೋಲ್ಟಿಗೆ ಬ್ರಾಕೆಟ್ ಮಾಡ್ಕೊಳ್ಳಿ. ಹೋಸ್ ಹಾಕೋ ಬಾಯಿ ಮೇಲಕ್ಕೋ ಪಕ್ಕಕ್ಕೋ ಇರ್ಲಿ, ಕೆಳಕ್ಕಿದ್ರೆ ಒಳಗೆ ಗಾಳಿ ಸಿಕ್ಕಾಕ್ಕೊಳತ್ತೆ. ಹೋಸ್ ಎಲ್ಲೂ ಮಡಚ್ಕೋಬಾರ್ದು, ಟರ್ಬೋ, ಎಕ್ಸಾಸ್ಟ್, ಫ್ಯಾನ್ ಹತ್ರ ಸುಳೀಬಾರ್ದು, ಲೋಹದ ಅಂಚು ದಾಟೋ ಕಡೆ ರಬ್ಬರ್ ಗ್ರಾಮೆಟ್ ಹಾಕಿ. ಲೈನ್ ಬಿಚ್ಚಿದಾಗ ಎಷ್ಟು ಆಯಿಲ್ ಬಂತು ಅಂತ ಅಳತೆ ಜಗ್ಗಲ್ಲಿ ಹಿಡ್ಕೊಳ್ಳಿ, ತೆರೆದ ಬಾಯಿಗಳಿಗೆ ತಕ್ಷಣ ಮುಚ್ಚಳ ಹಾಕಿ, ಒಂದು ಮರಳಿನ ಕಣ ಸಾಕು ವಾಲ್ವ್ ಕಚ್ಕೊಳ್ಳಕ್ಕೆ.

ಆಯಿಲ್ ಲೆವೆಲ್ ಬಗ್ಗೆ ಅವಸರ ಬೇಡ. ಹೊಸ ಕೂಲರು, ಹೋಸು ಸೇರಿ ಸುಮಾರು ಅರ್ಧ ಲೀಟರ್ ಹಿಡಿಯಬಹುದು, ಚೆಲ್ಲಿದ್ದೂ ಅದೂ ಸೇರಿಸಿ ಹಾಕಿ, ಮ್ಯಾನ್ಯುವಲಲ್ಲಿ ಹೇಳಿರೋ ಆಯಿಲ್ಲೇ ಹಾಕಿ. ಟೊಯೋಟಾದವ್ರು ಡಬ್ಲ್ಯುಎಸ್ ಅಂದ್ರೆ ಡಬ್ಲ್ಯುಎಸ್ಸೇ, ಎಲ್ಲಕ್ಕೂ ಆಗತ್ತೆ ಅಂತ ಅಂಗಡಿಯವ್ರು ಕೊಡೋದು ಬೇಡ. ಡಿಪ್‌ಸ್ಟಿಕ್ ಇದ್ರೆ ಸುಲಭ. ಇಲ್ದಿದ್ರೆ ಕೆಳಗೆ ಓವರ್‌ಫ್ಲೋ ಪ್ಲಗ್ ಇರತ್ತೆ, ಎಂಜಿನ್ ಓಡ್ತಾ ಇದ್ದಾಗ, ಗಾಡಿ ಸಮತಟ್ಟಾಗಿದ್ದಾಗ, ಆಯಿಲ್ ಹೇಳಿದ ಟೆಂಪರೇಚರಲ್ಲಿ, ಎಷ್ಟೋ ಗಾಡೀಲಿ 40ರ ಆಸುಪಾಸು, ಆ ಪ್ಲಗ್ ಬಿಚ್ಚಿದ್ರೆ ಸಣ್ಣ ಎಳೆಯಾಗಿ ಸುರಿದು ಹನಿ ಹನಿಗೆ ಬರ್ಬೇಕು. ಕಮ್ಮಿ ಇದ್ರೆ ಪಂಪ್ ಗಾಳಿ ಎಳ್ಕೊಳತ್ತೆ, ಜಾಸ್ತಿ ಇದ್ರೆ ನೊರೆ ಬರತ್ತೆ. ಲಿಫ್ಟ್ ಇಲ್ದೆ ಜ್ಯಾಕ್ ಮೇಲೆ ಓಡೋ ಗಾಡಿ ಕೆಳಗೆ ನುಗ್ಗೋ ಸಾಹಸ ಮಾತ್ರ ಬೇಡ, ಈ ಒಂದು ಕೆಲಸಕ್ಕೆ ಗ್ಯಾರೇಜಿಗೆ ಹೋಗಿ.

ಬ್ರೇಕ್ ಒತ್ಕೊಂಡು ಪಿ, ಆರ್, ಎನ್, ಡಿ ಎಲ್ಲದಕ್ಕೂ ನಿಧಾನ ಹಾಕಿ ತೆಗೀರಿ, ಹತ್ತು ನಿಮಿಷ ಐಡಲ್ ಬಿಡಿ, ಕೆಳಗೆ ರಟ್ಟು ಹಾಸಿ ಹನಿ ಬಿದ್ದಿದ್ಯಾ ನೋಡಿ. ಇಪ್ಪತ್ತು ಕಿಲೋಮೀಟರ್ ಓಡ್ಸಿ ಮತ್ತೆ ಕ್ಲಾಂಪುಗಳನ್ನ ಮುಟ್ಟಿ ನೋಡಿ, ವಾರ ಬಿಟ್ಟು ಇನ್ನೊಂದ್ಸಲ.

ಸರಿಯಾದ ಹೋಸ್ ಹಾಕ್ಸಿ ಅದೇ ಜನ ಅದೇ ಲಗೇಜಲ್ಲಿ ಶಿರಾಡಿ ಹತ್ತಿದಾಗ ನಂಗೆ ಬಂದಿದ್ದು 103. ಟ್ರಾಫಿಕ್ಕಲ್ಲಿ ಎಸಿ ತಂಪು ಒಂಚೂರು ಕಮ್ಮಿ ಆಗಿದೆ, ಕಂಡೆನ್ಸರ್ ಮುಂದೆ ಬಿಸಿ ವಸ್ತು ಇಟ್ರೆ ಅದು ಆಗೇ ಆಗತ್ತೆ. ಇನ್ನು ಲಾರಿ ಹಿಂದೆ ಸಿಕ್ಕಾಕ್ಕೊಂಡಾಗ ಡಿ ಬಿಟ್ಟು ಮ್ಯಾನ್ಯುವಲ್ ಮೋಡಲ್ಲಿ ಎರಡನೇ ಗೇರಿಗೆ ಇಳಿಸ್ಕೊಳ್ಳಿ, ಎಂಜಿನ್ ಸ್ವಲ್ಪ ಜೋರಾಗಿ ತಿರುಗತ್ತೆ, ಕನ್ವರ್ಟರ್ ಜಾರೋದು ಕಮ್ಮಿ ಆಗತ್ತೆ. ಆದ್ರೂ 115 ದಾಟಿದ್ರೆ ಅಗಲ ಜಾಗ ನೋಡಿ ನಿಲ್ಸಿ, ಎಂಜಿನ್ ಆಫ್ ಮಾಡ್ದೆ ಪಿ ಗೆ ಹಾಕಿ ಐದು ನಿಮಿಷ ಐಡಲ್ ಬಿಡಿ, ಪಂಪ್ ತಿರುಗ್ತಿದ್ರೇನೇ ಆಯಿಲ್ ಕೂಲರ್‌ಗೆ ಹೋಗೋದು.