ಟೆಕ್ಸಸ್‌ನಲ್ಲಿ ಮನೆ ತೆರಿಗೆ ಜಾಸ್ತಿ ಬಂತೇ? ತಕರಾರು ಹಾಕುವುದು ಹೀಗೆ

ಏಪ್ರಿಲ್ ಬಂತೆಂದರೆ ಡಾಲಸ್, ಆಸ್ಟಿನ್, ಹ್ಯೂಸ್ಟನ್ ಕಡೆಯ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಯುಗಾದಿ ಫೋಟೊಗಳ ನಡುವೆ ಒಂದು ಪ್ರಶ್ನೆ ತೂರಿಕೊಳ್ಳುತ್ತದೆ: ‘ನಿಮ್ಮ ಮನೆಗೆ ಈ ಸಲ ಎಷ್ಟು ಹಾಕಿದ್ದಾರೆ?’

ಬೆಂಗಳೂರಿನಲ್ಲಿ ನಮ್ಮ ಮನೆಯ ಚದರಡಿ ನಾವೇ ಬರೆದು, ವಲಯ ನೋಡಿ, ಲೆಕ್ಕ ಹಾಕಿ ತೆರಿಗೆ ಕಟ್ಟಿ ಅಭ್ಯಾಸ. ಟೆಕ್ಸಸ್‌ನಲ್ಲಿ ಹಾಗಲ್ಲ. ಪ್ರತಿ ಕೌಂಟಿಗೂ ಒಂದು ಅಪ್ರೈಸಲ್ ಡಿಸ್ಟ್ರಿಕ್ಟ್ ಇರುತ್ತದೆ. ಜನವರಿ 1ಕ್ಕೆ ನಿಮ್ಮ ಮನೆ ಎಷ್ಟು ಬಾಳುತ್ತಿತ್ತು ಎಂದು ಆ ಕಚೇರಿ ತೀರ್ಮಾನಿಸಿ ನೋಟಿಸ್ ಕಳಿಸುತ್ತದೆ. ಈ ರಾಜ್ಯದಲ್ಲಿ ರಾಜ್ಯ ಮಟ್ಟದ ಆದಾಯ ತೆರಿಗೆ ಇಲ್ಲ. ಶಾಲೆ, ಕೌಂಟಿ, ಊರು ಎಲ್ಲವೂ ಹೆಚ್ಚಾಗಿ ಮನೆ ತೆರಿಗೆಯ ಮೇಲೇ ನಿಂತಿವೆ. ಹಾಗಾಗಿ ಬಿಲ್ಲು ಸಣ್ಣದಲ್ಲ. ಒಪ್ಪಿಗೆಯಾಗದಿದ್ದರೆ ತಕರಾರು ಹಾಕಬಹುದು. ಇಲ್ಲಿಯವರು ಅದನ್ನು ‘ಪ್ರೊಟೆಸ್ಟ್’ ಅನ್ನುತ್ತಾರೆ. ಅರ್ಜಿಗೆ ದುಡ್ಡಿಲ್ಲ, ವಕೀಲರೂ ಬೇಕಿಲ್ಲ.

ಮೊದಲ ವರ್ಷ ನಾನು ಎಡವಿದ್ದು ಎಲ್ಲಿ ಎಂದರೆ, ‘ತೆರಿಗೆ ಜಾಸ್ತಿಯಾಯಿತು, ಸಂಬಳ ಏರಿಲ್ಲ’ ಎಂದು ಹೇಳಲು ಹೋದೆ. ಕೈಯಲ್ಲಿ ಮನೆ ಮಾರುವ ವೆಬ್‌ಸೈಟೊಂದರ ಅಂದಾಜು ಬೆಲೆಯ ಪ್ರಿಂಟು. ವಿಚಾರಣೆಗೆಂದು ಎದುರು ಕೂತ ಮೂವರು ತಾಳ್ಮೆಯಿಂದ ಕೇಳಿಸಿಕೊಂಡರು. ಒಂದು ಡಾಲರೂ ಇಳಿಸಲಿಲ್ಲ. ತಪ್ಪು ನನ್ನದೇ. ಅಲ್ಲಿ ತೆರಿಗೆಯ ಮಾತೇ ನಡೆಯುವುದಿಲ್ಲ, ನಡೆಯುವುದು ಮನೆಯ ಬೆಲೆಯ ಮಾತು. ತೆರಿಗೆಯ ದರ ನಿಗದಿ ಮಾಡುವುದು ಶಾಲಾ ಮಂಡಳಿ, ನಗರಸಭೆ, ಕೌಂಟಿ. ಅದರ ಮೇಲೆ ಕೋಪವಿದ್ದರೆ ಅವರ ಸಭೆಗೇ ಹೋಗಬೇಕು.

ನೋಟಿಸಿನಲ್ಲಿ ಎರಡು ಅಂಕಿ ಇರುತ್ತವೆ

ಒಂದು ಮಾರುಕಟ್ಟೆ ಬೆಲೆ. ಇನ್ನೊಂದು ತೆರಿಗೆಗೆ ಹಿಡಿದ ಬೆಲೆ. ನೀವೇ ವಾಸವಿದ್ದು ಹೋಮ್‌ಸ್ಟೆಡ್ ವಿನಾಯಿತಿ ಪಡೆದಿದ್ದರೆ ಎರಡನೆಯದು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರುವಂತಿಲ್ಲ. ಹೊಸದಾಗಿ ಕಟ್ಟಿಸಿದ ಕೋಣೆ, ಈಜುಕೊಳ ಇದ್ದರೆ ಅದು ಬೇರೆ ಲೆಕ್ಕ. ಈ ಮಿತಿ ವಿನಾಯಿತಿ ಸಿಕ್ಕ ಮರುವರ್ಷದಿಂದ ಶುರುವಾಗುತ್ತದೆ.

ಇದನ್ನು ನೋಡದೆ ಜಗಳಕ್ಕೆ ಇಳಿಯುವವರೇ ಜಾಸ್ತಿ. ಮಾರುಕಟ್ಟೆ ಬೆಲೆ 6,20,000 ಡಾಲರ್, ತೆರಿಗೆಗೆ ಹಿಡಿದದ್ದು 5,20,000 ಎಂದಿಟ್ಟುಕೊಳ್ಳಿ. ನೀವು ಒದ್ದಾಡಿ ಮಾರುಕಟ್ಟೆ ಬೆಲೆಯನ್ನು 5,60,000ಕ್ಕೆ ಇಳಿಸಿದಿರಿ. ಮನೆಯವರೆಲ್ಲ ಸೇರಿ ಪಾಯಸ ಕುಡಿದಿರಿ. ಈ ವರ್ಷದ ಬಿಲ್ಲು? ಒಂದು ಸೆಂಟೂ ಕಮ್ಮಿಯಾಗುವುದಿಲ್ಲ! ಮಾರುಕಟ್ಟೆ ಬೆಲೆ 5,20,000ಕ್ಕಿಂತ ಕೆಳಗೆ ಬಂದರಷ್ಟೇ ಜೇಬಿಗೆ ಉಳಿತಾಯ. ಹಾಗೆಂದು ಪೂರಾ ವ್ಯರ್ಥವೂ ಅಲ್ಲ. ತಕರಾರಿನಲ್ಲಿ ಗೆದ್ದು ಇಳಿಸಿದ ಬೆಲೆಯನ್ನು ಮರುವರ್ಷ ಏರಿಸಬೇಕಾದರೆ ಕಚೇರಿಯೇ ಗಟ್ಟಿ ಪುರಾವೆ ಕೊಡಬೇಕು.

ಹೋಮ್‌ಸ್ಟೆಡ್ ಅರ್ಜಿ ಹಾಕಿಲ್ಲವೇ? ಹಾಗಾದರೆ ಮೊದಲು ಅದನ್ನು ಹಾಕಿ. ಶಾಲಾ ತೆರಿಗೆಯ ಲೆಕ್ಕದಲ್ಲಿ ಮನೆಯ ಬೆಲೆಯಿಂದ 1,40,000 ಡಾಲರ್ ಕಳೆಯುತ್ತಾರೆ. 2023ರಲ್ಲಿ ಇದು 1,00,000 ಇತ್ತು, 2025ರ ನವೆಂಬರ್ ಮತದಾನದಲ್ಲಿ ಏರಿತು. ಎಷ್ಟೋ ತಕರಾರುಗಳಿಗಿಂತ ಇದರಲ್ಲೇ ಲಾಭ ಜಾಸ್ತಿ.

ಬಿಲ್ಡರ್‌ನಿಂದ ಹೊಸ ಮನೆ ಕೊಂಡವರಿಗೆ ಇನ್ನೊಂದು ಮಾತು. ಮೊದಲ ವರ್ಷದ ಜನವರಿ 1ಕ್ಕೆ ಅಲ್ಲಿ ಬರೀ ಸೈಟು, ಅರ್ಧ ಗೋಡೆ ಇದ್ದಿರಬಹುದು. ಆ ವರ್ಷದ ಬಿಲ್ಲು ಸಣ್ಣದಾಗಿರುತ್ತದೆ. ಎರಡನೇ ವರ್ಷ ಪೂರ್ತಿ ಮನೆಗೆ ಬೆಲೆ ಕಟ್ಟಿದಾಗ ಎದೆ ಧಸಕ್ ಅನ್ನುತ್ತದೆ. ಅದು ಕಚೇರಿಯ ತಪ್ಪಲ್ಲ, ತಕರಾರಿನಿಂದ ಅದು ಹೋಗುವುದೂ ಇಲ್ಲ. ಸಾಲ ಕೊಟ್ಟ ಬ್ಯಾಂಕು ತೆರಿಗೆ ಕಟ್ಟಲೆಂದೇ ಇಟ್ಟಿರುವ ಎಸ್ಕ್ರೋ ಖಾತೆಗೆ ಮೊದಲೇ ದುಡ್ಡು ಕೂಡಿಡಿ.

ಮೇ 15 ಮರೆಯಬೇಡಿ

ತಕರಾರು ಹಾಕಲು ಕೊನೆಯ ದಿನ ಮೇ 15, ಅಥವಾ ನೋಟಿಸ್ ಅಂಚೆಗೆ ಹಾಕಿ 30 ದಿನ. ಎರಡರಲ್ಲಿ ಯಾವುದು ತಡವೋ ಅದು. ಅರ್ಜಿಯ ಹೆಸರು ಫಾರ್ಮ್ 50-132. ದೊಡ್ಡ ಕೌಂಟಿಗಳಲ್ಲಿ ಆನ್‌ಲೈನಿನಲ್ಲೇ ಹಾಕಬಹುದು, ಹತ್ತು ನಿಮಿಷದ ಕೆಲಸ.

ಕಾರಣ ಕೇಳುವ ಕಡೆ ಎರಡಕ್ಕೂ ಟಿಕ್ ಹಾಕಿ: ‘ಬೆಲೆ ಮಾರುಕಟ್ಟೆಗಿಂತ ಜಾಸ್ತಿ’ ಮತ್ತು ‘ಬೇರೆ ಮನೆಗಳಿಗೆ ಹೋಲಿಸಿದರೆ ಅಸಮಾನ’. ಒಂದಕ್ಕೆ ಮಾತ್ರ ಹಾಕಿ ಆಮೇಲೆ ಇನ್ನೊಂದರ ಮೇಲೆ ವಾದ ಮಾಡಲು ಹೋದರೆ ತೊಡಕು.

ಜೊತೆಗೆ ‘ವಿಚಾರಣೆಯಲ್ಲಿ ನೀವು ಬಳಸುವ ದಾಖಲೆಗಳ ಪ್ರತಿ ಕೊಡಿ’ ಎಂದು ಕಚೇರಿಗೆ ಬರೆದು ಕೇಳಿ. ಕೇಳಿದವರಿಗೆ ವಿಚಾರಣೆಗೆ 14 ದಿನ ಮೊದಲು ಕೊಡಲೇಬೇಕು. ಕೊಡದಿದ್ದರೆ ಆ ದಾಖಲೆಯನ್ನು ಅವರು ವಿಚಾರಣೆಯಲ್ಲಿ ಬಳಸುವಂತಿಲ್ಲ. ಎದುರಾಳಿಯ ಇಸ್ಪೀಟು ಎಲೆಗಳನ್ನು ಮೊದಲೇ ನೋಡಿದ ಹಾಗೆ, ಅಲ್ವಾ?

ಪುರಾವೆ ಕೂಡಿಸುವುದು

ಟೆಕ್ಸಸ್‌ನಲ್ಲಿ ಒಂದು ವಿಚಿತ್ರವಿದೆ. ಮನೆ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿಲ್ಲ. ನಮ್ಮೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರದಲ್ಲಿ ಕಾಣುವಂತೆ ಇಲ್ಲಿನ ಪತ್ರದಲ್ಲಿ ಮಾರಾಟದ ಬೆಲೆ ಕಾಣಲೇಬೇಕೆಂದಿಲ್ಲ. ಮಾರಾಟದ ಬೆಲೆ ಬೇಕೆಂದರೆ ಪರಿಚಯದ ರಿಯಲ್ ಎಸ್ಟೇಟ್ ಏಜೆಂಟರನ್ನು ಕೇಳಬೇಕು. ನೀವೇ ಇತ್ತೀಚೆಗೆ ಕೊಂಡಿದ್ದು, ನೋಟಿಸಿನ ಬೆಲೆಗಿಂತ ಕಡಿಮೆಗೆ ಸಿಕ್ಕಿದ್ದರೆ ಖರೀದಿ ಮುಗಿಸುವಾಗ ಸಹಿ ಹಾಕಿದ ನಿಮ್ಮ ಕ್ಲೋಸಿಂಗ್ ಪತ್ರವೇ ಒಳ್ಳೆಯ ಪುರಾವೆ.

ಅದಕ್ಕೇ ನನಗೆ ಎರಡನೇ ದಾರಿ, ಅಂದರೆ ಅಸಮಾನತೆಯ ವಾದ, ಹೆಚ್ಚು ಇಷ್ಟ. ಅಕ್ಕಪಕ್ಕದ ಮನೆಗಳಿಗೆ ಕಚೇರಿ ಕಟ್ಟಿದ ಬೆಲೆ ಅವರ ವೆಬ್‌ಸೈಟಿನಲ್ಲೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ನಿಮ್ಮದೇ ಬಡಾವಣೆಯಲ್ಲಿ ಅದೇ ಅಳತೆ, ಅದೇ ವಯಸ್ಸು, ಅದೇ ದರ್ಜೆಯ ಐದು ಮನೆ ಆರಿಸಿ. ಬೆಲೆಯನ್ನು ಚದರಡಿಯಿಂದ ಭಾಗಿಸಿ. ನಿಮ್ಮದು 2,800 ಚದರಡಿ, 5,60,000 ಡಾಲರ್. ಅಂದರೆ ಚದರಡಿಗೆ 200. ಉಳಿದ ಐದು 182, 186, 190, 194, 203 ಬಂದವು ಅನ್ನಿ. ಸರಾಸರಿ ಬೇಡ, ಕಾನೂನು ಹೇಳುವುದು ನಡುವಿನ ಸಂಖ್ಯೆ. ಇಲ್ಲಿ ಅದು 190. ಅದರಂತೆ ನಿಮ್ಮ ಮನೆಗೆ 5,32,000 ಆಗಬೇಕು. ಒಟ್ಟು ದರ ಶೇ 2 ಇದ್ದರೆ, ಮೇಲೆ ಹೇಳಿದ ಶೇ 10ರ ಮಿತಿ ಅಡ್ಡ ಬರದಿದ್ದರೆ, 560 ಡಾಲರ್ ಉಳಿತಾಯ.

ಒಂದು ಎಚ್ಚರಿಕೆ. ದೊಡ್ಡ ಮನೆಗೆ ಚದರಡಿ ಬೆಲೆ ಸಹಜವಾಗಿಯೇ ಕಡಿಮೆ. 4,000 ಚದರಡಿಯ ಮನೆಯನ್ನು ಪಟ್ಟಿಗೆ ಸೇರಿಸಿದರೆ ಕಚೇರಿಯವರು ತಕ್ಷಣ ಹಿಡಿಯುತ್ತಾರೆ. ಈಜುಕೊಳ, ಮೂರು ಕಾರಿನ ಗ್ಯಾರೇಜಿಗೂ ಕೂಡಿಸಿ ಕಳೆದು ತೋರಿಸಬೇಕು.

ಮನೆಯ ದೋಷಗಳನ್ನೂ ಬಿಡಬೇಡಿ. ಡಾಲಸ್ ಸುತ್ತಿನ ಮಣ್ಣು ನಮ್ಮ ಗದಗ, ಧಾರವಾಡ ಕಡೆಯ ಎರೆ ಮಣ್ಣಿನ ದಾಯಾದಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಜೊತೆಗೆ ಮನೆಯ ಫೌಂಡೇಶನ್ನನ್ನೂ ಎಳೆದಾಡುತ್ತದೆ. ಗೋಡೆಯ ಬಿರುಕು, ಆಲಿಕಲ್ಲಿಗೆ ಹಾಳಾದ ಸೂರು, ಎಲ್ಲದರ ಫೋಟೊ ತೆಗೆಯಿರಿ. ಫೋಟೊ ಒಂದೇ ಸಾಲದು. ರಿಪೇರಿಗೆ ಎಷ್ಟಾಗುತ್ತದೆ ಎಂದು ಗುತ್ತಿಗೆದಾರರಿಂದ ಬರೆಸಿ ತನ್ನಿ. ದೋಷ ಜನವರಿ 1ಕ್ಕೆ ಇದ್ದಿರಬೇಕು ಅನ್ನುವುದು ನೆನಪಿರಲಿ. ಏಪ್ರಿಲ್‌ನ ಆಲಿಕಲ್ಲು ಈ ವರ್ಷಕ್ಕೆ ಲೆಕ್ಕಕ್ಕಿಲ್ಲ.

ಮೊದಲು ಮಾತು, ಆಮೇಲೆ ವಿಚಾರಣೆ

ವಿಚಾರಣೆಗೆ ಮೊದಲು ಕಚೇರಿಯ ಅಪ್ರೈಸರ್ ಒಬ್ಬರ ಜೊತೆ ಮಾತಾಡಿ ರಾಜಿಯಾಗಲು ಅವಕಾಶವಿರುತ್ತದೆ. ಆನ್‌ಲೈನಿನಲ್ಲಿ ನೇರ ಒಂದು ಅಂಕಿಯನ್ನೇ ಮುಂದಿಡುವುದೂ ಉಂಟು. ಎಷ್ಟೋ ತಕರಾರು ಇಲ್ಲೇ ಮುಗಿಯುತ್ತವೆ. ಆದರೆ ಒಪ್ಪಿದಿರೋ, ಆ ವರ್ಷದ ಬೆಲೆಯ ಮಾತು ಅಲ್ಲಿಗೆ ಮುಗಿಯಿತು. ಅವಸರಕ್ಕೆ ಬಟನ್ ಒತ್ತಬೇಡಿ.

ಒಪ್ಪದಿದ್ದರೆ ಅಪ್ರೈಸಲ್ ರಿವ್ಯೂ ಬೋರ್ಡ್ ಮುಂದೆ ಹೋಗಬೇಕು. ಇವರು ಕಚೇರಿಯ ನೌಕರರಲ್ಲ, ಊರಿನ ಸಾಮಾನ್ಯ ಜನ. ಸಾಮಾನ್ಯವಾಗಿ ಮೂವರು ಕೂತಿರುತ್ತಾರೆ, ನಿಮ್ಮಿಂದ ಪ್ರಮಾಣ ಮಾಡಿಸುತ್ತಾರೆ. ಸಿಗುವ ಸಮಯ ಕಡಿಮೆ. ಹಾಗಾಗಿ ಮೊದಲ ವಾಕ್ಯದಲ್ಲೇ ‘ನನ್ನ ಮನೆಯ ಬೆಲೆ 5,32,000’ ಎಂದು ಹೇಳಿ, ಪಟ್ಟಿ ಕೊಟ್ಟುಬಿಡಿ. ಕಥೆ ಬೇಡ. ಬೆಲೆ ಸರಿ ಎಂದು ಸಾಬೀತು ಮಾಡುವ ಹೊಣೆ ಮೂಲತಃ ಕಚೇರಿಯದೇ. ಮತ್ತೆ, ‘ತಕರಾರು ಹಾಕಿದರೆ ಇನ್ನೂ ಏರಿಸಿಬಿಟ್ಟಾರು’ ಎಂಬ ಭಯ ಬೇಡ. ಕಚೇರಿ ಹಾಕಿದ ಬೆಲೆಗಿಂತ ಮೇಲೆ ಏರಿಸಲು ಈ ಬೋರ್ಡಿಗೆ ಅಧಿಕಾರವಿಲ್ಲ.

ಕೆಲಸ ಬಿಟ್ಟು ಹೋಗಲಾಗದವರು ಫೋನಿನಲ್ಲೋ ವಿಡಿಯೊದಲ್ಲೋ ಹಾಜರಾಗಬಹುದು. ಅದಕ್ಕೆ 10 ದಿನ ಮೊದಲೇ ಬರೆದು ತಿಳಿಸಿ, ಪುರಾವೆಯನ್ನು ಅಫಿಡವಿಟ್ ಜೊತೆ ಕಳಿಸಬೇಕು. ಇದಾವುದೂ ಬೇಡ ಅನ್ನುವವರಿಗೆ ಏಜೆಂಟ್ ಕಂಪನಿಗಳಿವೆ. ಉಳಿದ ತೆರಿಗೆಯಲ್ಲಿ ಪಾಲು ಕೇಳುತ್ತವೆ. ಸಹಿ ಹಾಕುವ ಮುನ್ನ ಆ ಪಾಲು ಎಷ್ಟು, ಒಪ್ಪಂದ ಎಷ್ಟು ವರ್ಷಕ್ಕೆ ಎಂದು ಓದಿ. ನನ್ನನ್ನು ಕೇಳಿದರೆ ಬಡಾವಣೆಯ ಸಾಮಾನ್ಯ ಮನೆಗೆ ಒಂದು ಶನಿವಾರ ಕೂತು ನೀವೇ ಮಾಡಬಹುದು.

ಬೋರ್ಡಿನ ತೀರ್ಪೂ ಸರಿಬರದಿದ್ದರೆ ಆದೇಶ ಕೈಸೇರಿದ 60 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೋ ಮಧ್ಯಸ್ಥಿಕೆಗೋ ಹೋಗಬಹುದು. ಮಧ್ಯಸ್ಥಿಕೆಗೆ ಹೋಮ್‌ಸ್ಟೆಡ್ ವಿನಾಯಿತಿ ಇರುವ ಮನೆಯಾದರೆ 450 ಅಥವಾ 500 ಡಾಲರ್ ಠೇವಣಿ. 5 ಲಕ್ಷ ಡಾಲರ್‌ವರೆಗಿನ ಮನೆಗೆ 450. ಮಧ್ಯಸ್ಥರು ಕೊಟ್ಟ ಬೆಲೆ ಬೋರ್ಡಿನ ಅಂಕಿಗಿಂತ ನಿಮ್ಮ ಅಂಕಿಗೆ ಹತ್ತಿರವಿದ್ದರೆ 50 ಡಾಲರ್ ಹಿಡಿದು ಉಳಿದದ್ದನ್ನು ವಾಪಸ್ ಕೊಡುತ್ತಾರೆ. ಇಲ್ಲಿ ಸಿಗುವ ತೀರ್ಪು ಏನು ಬೇಕಾದರೂ ಆಗಲಿ, ಅದು ಬರುವವರೆಗೆ ಬಿಲ್ಲನ್ನು ಎತ್ತಿಡುವಂತಿಲ್ಲ. ತೆರಿಗೆ ಕಟ್ಟಲು ಗಡುವು ಜನವರಿ 31. ಅಷ್ಟು ಹೊತ್ತಿಗೆ ಹೊಸ ವರ್ಷದ ಜನವರಿ 1ರ ಬೆಲೆಯೂ ಶುರುವಾಗಿರುತ್ತದೆ. ಬಿರುಕಿನ ಫೋಟೊಗಳನ್ನು ಆಗಲೇ ತೆಗೆದಿಡಿ.