ಮೊದಲು ಕೆಲಸ, ಆಮೇಲೆ ಪಾಠ: ನನ್ನ ಅನುಭವ

ಯಹೂದಿ ಮನೆತನಕ್ಕೆ ಸೊಸೆಯಾಗಿ ಬಂದು, ಆ ಧರ್ಮವನ್ನೂ ಸ್ವೀಕರಿಸಿ, ನ್ಯೂಜೆರ್ಸಿಯ ನಮ್ಮ ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರದ) ಭಾನುವಾರದ ಶಾಲೆಯಲ್ಲಿ 7ನೆಯ ತರಗತಿಗೆ ಪಾಠ ಹೇಳಲು ತೊಡಗಿ ಒಂಬತ್ತು ವರ್ಷಗಳಾದವು. ಇಲ್ಲಿ ಕನ್ನಡ ಶಾಲೆ, ಬಾಲವಿಹಾರ ನಡೆಸುವ ಗೆಳೆಯರು ಮಕ್ಕಳನ್ನು ಸೇವೆಗೆ ಹಚ್ಚಿದ್ದು ಹೇಗೆಂದು ಪದೇ ಪದೇ ಕೇಳುವುದರಿಂದ ಇದನ್ನು ಬರೆಯುತ್ತಿದ್ದೇನೆ.

‘ತಿಕ್ಕುನ್ ಓಲಾಮ್’, ಅಂದರೆ ಲೋಕವನ್ನು ಸರಿಪಡಿಸುವುದು, ಎಂಬ ಮಾತನ್ನು ನಮ್ಮ ಮಕ್ಕಳು ಶಿಶುವಿಹಾರದಿಂದಲೂ ಕೇಳುತ್ತಾ ಬಂದಿರುತ್ತಾರೆ. ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ ಹುಡುಗರಿಗೆ ಬಾರ್ ಮಿಟ್ಜ್ವಾ, ಹುಡುಗಿಯರಿಗೆ ಬಾಟ್ ಮಿಟ್ಜ್ವಾ ಎಂಬ ಧಾರ್ಮಿಕ ಸಮಾರಂಭ ನಡೆಯುತ್ತದೆ. ಅದಕ್ಕೆ ಮುನ್ನ ಪ್ರತಿ ಮಗುವೂ ಒಂದು ಸೇವಾ ಯೋಜನೆ ಮಾಡಬೇಕೆಂಬ ರೂಢಿ ಅಮೆರಿಕದ ಅನೇಕ ಸಿನಗಾಗ್‌ಗಳಲ್ಲಿದೆ. ಮೊದಲ ಮೂರು ವರ್ಷ ನಾನೂ ಅದನ್ನೇ ಮಾಡಿಸಿ ಸೋತೆ. 14 ಮಕ್ಕಳಿಗೆ 14 ಯೋಜನೆಗಳು. ಅರ್ಧವನ್ನು ಮಾಡಿ ಮುಗಿಸಿದವರು ತಾಯಂದಿರು. ಕೇಕ್ ಮಾರಿ ಸುಮಾರು 300 ಡಾಲರ್ ಕೂಡಿಸಿದೆವು, ಹಿಟ್ಟು ಬೆಣ್ಣೆಗೇ 200ರ ಮೇಲೆ ಹೋಗಿತ್ತು. ಮನೆಮನೆಯಿಂದ ತಂದ ಆಹಾರದ ಡಬ್ಬಿಗಳಲ್ಲಿ ಮೂರರಲ್ಲೊಂದರ ಅವಧಿ ಮೀರಿತ್ತು. ಬಡವರಿಗೆ ಆಹಾರ ಹಂಚುವ ಭಂಡಾರದವರು ಅವನ್ನು ನಮ್ಮೆದುರಿಗೇ ಕಸಕ್ಕೆ ಸುರಿದಾಗ ನನಗೆ ತಲೆಯೆತ್ತಲಾಗಲಿಲ್ಲ. ಸಮಾರಂಭಗಳು ಮುಗಿದ ಮೇಲೆ ತರಗತಿಯಲ್ಲಿ ಉಳಿದವರು ಇಬ್ಬರು.

ನಾಲ್ಕನೆಯ ವರ್ಷ ಎಲ್ಲವನ್ನೂ ತಿರುವಿ ಹಾಕಿದೆ. ಇಡೀ ತರಗತಿಗೆ ಒಂದೇ ಆಹಾರ ಭಂಡಾರ, ಎರಡು ವಾರಕ್ಕೊಮ್ಮೆ, ವರ್ಷವಿಡೀ. ಮೊದಲು ಎರಡು ಗಂಟೆ ಕೆಲಸ, ಆಮೇಲೆ ಅಲ್ಲಿಯೇ ಕುಳಿತು ಇಬ್ಬಿಬ್ಬರಾಗಿ ಧರ್ಮಗ್ರಂಥದ ಓದು. ಗಂಟೆಗಳ ಲೆಕ್ಕವಾಗಲಿ ಪ್ರಮಾಣಪತ್ರವಾಗಲಿ ಇಲ್ಲ. ಹೀಬ್ರೂ ಪಾಠ ಹಿಂದೆ ಬೀಳುತ್ತದೆಂದು ಸಮಿತಿಯವರೂ, ಕಾಲೇಜಿನ ಅರ್ಜಿಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲವೆಂದು ಪಾಲಕರೂ ತಕರಾರು ತೆಗೆದರು. ವ್ಯಾನ್, ವಿಮೆ ಸೇರಿ ವರ್ಷಕ್ಕೆ 2,500 ಡಾಲರ್ ಆಸುಪಾಸು ತಗುಲಿತು. ಸಮಿತಿ ಕೊಟ್ಟದ್ದು 600. ಉಳಿದದ್ದನ್ನು ಹೊಂದಿಸಿದ ಬಗೆಯನ್ನೂ, ಓದಿನ ಜೋಡಿಗಳನ್ನು ನಾನು ಆರಿಸುವ ಬಗೆಯನ್ನೂ ಇಲ್ಲಿ ಬಿಟ್ಟುಕೊಡಲಾರೆ.

ಫಲ ಕಂಡದ್ದು ಡಿಸೆಂಬರಿನಲ್ಲಿ. ವಯಸ್ಸಾದವರೊಬ್ಬರು ಚೀಲದಿಂದ ಬೀನ್ಸ್ ಡಬ್ಬಿಯನ್ನು ತೆಗೆದು, ಯಾರಿಗೂ ಏನೂ ಹೇಳದೆ ಮೇಜಿನ ತುದಿಗಿಟ್ಟು ಹೊರಟರು. ಹನ್ನೆರಡರ ಹುಡುಗಿಯೊಬ್ಬಳು ಹಿಂದೆಯೇ ಹೋಗಿ ವಿಚಾರಿಸಿದಳು: ಅವರು ಕಾರಿನಲ್ಲಿ ಮಲಗುವವರು, ಡಬ್ಬಿ ತೆರೆಯಲು ಅವರ ಬಳಿ ಓಪನರ್ ಇರಲಿಲ್ಲ. ಅದೇ ದಿನ ಮಕ್ಕಳು, ನಾನು ಹೇಳದೆಯೇ, ಉಂಗುರ ಎಳೆದು ತೆರೆಯುವ ಡಬ್ಬಿಗಳನ್ನೆಲ್ಲ ಬೇರೆ ಮಾಡಿ ಕೈಗೆಟಕುವ ಕಪಾಟಿನಲ್ಲಿ ಜೋಡಿಸಿದರು. ಅಂದಿನ ಓದಿಗೆ 12ನೆಯ ಶತಮಾನದ ಯಹೂದಿ ವಿದ್ವಾಂಸ ಮೈಮೊನಿಡೀಸ್ ಹೇಳಿದ ದಾನದ ಎಂಟು ಮೆಟ್ಟಿಲುಗಳನ್ನು ತೆಗೆದುಕೊಂಡೆ. ಕೇಳಿದ ಮೇಲೆ ಕೊಡುವುದಕ್ಕಿಂತ ಕೇಳುವ ಮುನ್ನ ಕೊಡುವುದು ಒಂದು ಮೆಟ್ಟಿಲು ಮೇಲೆಂಬ ಸಾಲು ಬಂದಾಗ ಎಲ್ಲರ ಕಣ್ಣೂ ಆ ಕಪಾಟಿನತ್ತ ಹೊರಳಿತು. ತುತ್ತತುದಿಯ ಮೆಟ್ಟಿಲು ಒಬ್ಬನನ್ನು ತನ್ನ ಕಾಲ ಮೇಲೆ ನಿಲ್ಲಿಸುವುದಾದರೆ ನಾವು ಬರೀ ಡಬ್ಬಿಯನ್ನೇಕೆ ಕೊಡುತ್ತಿದ್ದೇವೆ ಎಂದು ಒಬ್ಬ ಹುಡುಗ ಕೇಳಿದ. ಕೆಲಸದ ಅರ್ಜಿ ತುಂಬಲು ಬರುವವರಿಗೆಂದು ಹಳೆಯ ಲ್ಯಾಪ್‌ಟಾಪ್ ಇಟ್ಟ ಮೇಜೊಂದು ವಸಂತದ ಹೊತ್ತಿಗೆ ಅಲ್ಲಿ ಬಂದದ್ದು ಆ ಪ್ರಶ್ನೆಯಿಂದಲೇ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹೊಲದ ಅಂಚಿನ ಬೆಳೆಯನ್ನು ಬಡವರಿಗೆ ಬಿಡಬೇಕೆಂದು ನಮ್ಮ ಧರ್ಮಗ್ರಂಥವಾದ ತೋರಾದ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆಯಷ್ಟೆ. ಅದನ್ನು ಕಣ್ಣಾರೆ ತೋರಿಸಲೆಂದು ಅಕ್ಟೋಬರಿನಲ್ಲಿ ಒಂದು ತೋಟದಲ್ಲಿ ಉಳಿದ ಸೇಬನ್ನು ಕೀಳಿಸಿದೆ. 900 ಪೌಂಡ್‌ನಷ್ಟಾಯಿತು, ಆದರೆ ಭಂಡಾರದ ಶೀತಪೆಟ್ಟಿಗೆಯಲ್ಲಿ ಜಾಗವಿಲ್ಲದೆ ಅರ್ಧ ಕೊಳೆಯಿತು. ಪೆಸಾಹ್ ಹಬ್ಬದ್ದು ಮಾತ್ರ ಕೈಹಿಡಿಯಿತು: ಹಬ್ಬಕ್ಕೆ ಮುನ್ನ ಹೇಗೂ ಮನೆಯಿಂದ ಹಮೆಟ್ಸ್, ಅಂದರೆ ಗೋಧಿ ಮೊದಲಾದ ಧಾನ್ಯಗಳ ಹುದುಗಿದ ತಿನಿಸು, ತೆಗೆಯಬೇಕಾದ್ದರಿಂದ, ಬಿಚ್ಚದ ಪಾಸ್ತಾ, ಹಿಟ್ಟಿನ ಪೊಟ್ಟಣಗಳನ್ನು ಮೂರು ವಾರ ಮೊದಲೇ ಮಕ್ಕಳಿಂದ ಕೂಡಿಸಿದೆ, ಖರ್ಚು ಸೊನ್ನೆ.

ಕಳೆದ ವರ್ಷದ 16 ಮಕ್ಕಳಲ್ಲಿ 12 ಮಂದಿ ಸಮಾರಂಭದ ನಂತರವೂ ಬರುತ್ತಿದ್ದಾರೆ; ತಕರಾರು ತೆಗೆದಿದ್ದ ಸಮಿತಿಯೇ ಈಗ ವ್ಯಾನಿನ ಪೂರ್ತಿ ಖರ್ಚು ಕೊಡುತ್ತಿದೆ. ಬೀನ್ಸ್ ಡಬ್ಬಿಯ ಹಿಂದೆ ಹೋದ ಹುಡುಗಿಗೆ ಈಗ ಹದಿನೇಳು. ಭಾನುವಾರ ನಾವು ಹೋಗುವ ಹೊತ್ತಿಗೆ ಭಂಡಾರದ ಬಾಗಿಲನ್ನು ಅವಳೇ ತೆಗೆದಿರುತ್ತಾಳೆ. ಕೀಲಿ ಅವಳ ಬಳಿಯೇ ಇದೆ.